ಕಾಶವ್ವನ ಮರಳು

ಬರ್ರಿ, ಹತ್ತಿರ ಬಂದು ಕುಂಡ್ರಿ. ಕಾಲು ಚಾಚಿಕೊಂಡರೂ ಅಡ್ಡಿಯಿಲ್ಲ, ಕಿವಿ ಮಾತ್ರ ಇತ್ತ ಕೊಡಿ.

ಬಹಳ ಹಿಂದೆ, ಎರೆಸೀಮೆಯ ಒಂದು ಊರಲ್ಲಿ, ಊರಗೌಡನ ಪಡಸಾಲೆಯಲ್ಲಿ, ಪಾಠ ಹೇಳುವ ಐಗಳ ಸಾಲಿ ಅಂತ ಇತ್ತಂತೆ. ಆಗ ಪಾಟಿ ಇಲ್ಲ, ಬಳಪ ಇಲ್ಲ. ನೆಲಕ್ಕೆ ಮರಳು ಹಾಸಿ, ಅದರಲ್ಲಿ ಬೆರಳಾಡಿಸಿ ಅಕ್ಷರ ಕಲಿಯೋದು. ಊರ ಮಣ್ಣೋ, ಕರಿ ಎರೆ. ಅದರಲ್ಲಿ ಬರೆದರೆ ಅಕ್ಷರ ನಿಲ್ಲೋದಿಲ್ಲ, ಬೆರಳಿಗೇ ಮೆತ್ತುತ್ತದೆ. ಮರಳು ಬೇಕಂದರೆ ಎರಡು ದಿನದ ಹಾದಿ ನಡೆದು ಹೊಳೆಗೇ ಹೋಗಬೇಕು.

ಆ ಮರಳನ್ನು ದಿನಾ ಜರಡಿ ಹಿಡಿದು ಹಸನು ಮಾಡುವವಳು ಕಾಶವ್ವ. ಅವಳಿಗೆ ಓದು ಬಾರದು. ಆದರೆ ಮರಳಿನ ಮೇಲಿನ ಗೆರೆ ನೋಡಿ, ಇದು ಯಾವ ಮಗುವಿನ ಬೆರಳು ಅಂತ ಹೇಳುತ್ತಿದ್ದಳಂತೆ. ಒಂದು ಸಲವೂ ತಪ್ಪಲಿಲ್ಲವಂತೆ.

ಒಂದು ಬೇಸಿಗೆ ಸುಂಟರಗಾಳಿ ಎದ್ದಿತು. ಮರಳೆಲ್ಲ ಹಾರಿಹೋಗಿ ಎರೆ ಧೂಳು ಬಂದು ಕೂತಿತು. ಊರಗೌಡ ಬಂದು ನೋಡಿದ. ಹೊಸ ಮಕ್ಕಳು ಕೂಡುವ ದಿನ ಪಾಠ ನಡೆಯದಿದ್ದರೆ ಈ ಪಡಸಾಲೆಗೆ ಹತ್ತಿ ತುಂಬುತ್ತೇನೆ ಅಂದನಂತೆ. ಉಳಿದದ್ದು ಒಂಬತ್ತೇ ದಿನ.

ಮರಳು ತರಿಸಿಕೊಡಿ ಅಂತ ಐಗಳು, ತಮ್ಮಲ್ಲಿ ಕಲಿತು ದೊಡ್ಡವರಾದವರಿಗೆಲ್ಲ ಹೇಳಿಕಳಿಸಿದರು. ಶಾನುಭೋಗರು ಹುಣ್ಣಿಮೆ ಕಳೆಯಲಿ ಅಂದರಂತೆ. ಜವಳಿ ಸಾಹುಕಾರ ಮಗಳ ಮದುವೆ ಮುಗಿಯಲಿ ಅಂದನಂತೆ. ಕೊನೆಗೆ ಕಾಶವ್ವ ತಾನೇ ಬುಟ್ಟಿ ಹಿಡಿದು ಹೊಳೆಗೆ ನಡೆದಳು.

ಹೊಳೆದಂಡೆಯಲ್ಲಿ ಅಡಿವೆಪ್ಪ ಸಿಕ್ಕ. ಹೋದ ವರ್ಷವಷ್ಟೇ ಸಾಲಿ ಮುಗಿಸಿ, ಅಂಬಿಗನ ಕೈಕೆಳಗೆ ಹರಿಗೋಲು ತಳ್ಳುತ್ತಿದ್ದ.

"ಏನಬೇ ಕಾಶವ್ವ, ಹೊಳಿನ ಹೊತ್ಕೊಂಡು ಹೊಂಟೀಯಲ್ಲ!" ಅಂತ ನಕ್ಕ.

ಅವಳು ಕಣ್ಣೊರೆಸಿಕೊಳ್ಳುತ್ತ ಎಲ್ಲ ಹೇಳಿದಳು. ಅವನ ನಗು ನಿಂತಿತು.

"ನಮಗ್ಯಾಕ ಹೇಳಿ ಕಳಸಲಿಲ್ಲ?"

"ನಿನ್ನಿ ಮೊನ್ನಿ ಸಾಲಿ ಬಿಟ್ಟೋರು ನೀವು. ನಿಮ್ಮ ಹತ್ರ ಏನೈತೋ ಯಪ್ಪಾ?"

"ಹೆಗಲ ಮ್ಯಾಲೆ ವಲ್ಲಿ ಐತಲ್ಲಬೇ. ಮರಳು ಕಟ್ಟಾಕ ಇನ್ನೇನು ಬೇಕು? ನೀ ನಡಿ, ನಾ ನಮ್ಮ ಜೋಡಿ ಸಾಲಿ ಬಿಟ್ಟ ಹುಡುಗರಿಗೆಲ್ಲ ಹೇಳ್ತೀನಿ."

ಕಾಶವ್ವ ತಂದ ಬುಟ್ಟಿ ಮೂರು ಮಕ್ಕಳ ಮುಂದೆ ಹಾಸಲಿಕ್ಕಷ್ಟೇ ಸಾಲಿತು. ಹೊಸ ಮಕ್ಕಳು ಕೂಡುವ ದಿನ ಬಂದವರೋ ಮೂವತ್ತು. ಬೆಳಗ್ಗೆಯೇ ಹತ್ತಿ ಬಂಡಿಗಳು ಬಾಗಿಲಿಗೆ ನಿಂತವು. ಕಾಶವ್ವ ಹಾದಿ ನೋಡುವಳು, ಬಂಡಿ ನೋಡುವಳು, ಮತ್ತೆ ಹಾದಿ ನೋಡುವಳು.

"ಸಾಕಿನ್ನ, ಇಳಸ್ರೋ," ಅಂದ ಗೌಡ.

ಹತ್ತಿಯ ಮೊದಲ ಅಂಡಿಗೆಗೆ ಆಳುಗಳು ಕೈ ಹಚ್ಚುವ ಹೊತ್ತಿಗೆ ಅಡಿವೆಪ್ಪ ಕಂಡನಂತೆ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಕೆಲಸ ಸಿಕ್ಕವರು, ಸಿಗದವರು, ಎಲ್ಲರ ವಲ್ಲಿಯಲ್ಲೂ ಒಂದೊಂದು ಗಂಟು. ನಲವತ್ತು ಗಂಟು ಅಂತಾರೆ, ನಾನೂರು ಅಂತಲೂ ಅಂತಾರೆ. ಬಿಚ್ಚಿ ಸುರಿದರು, ಸುರಿದರು, ಅರ್ಧ ಬೆರಳು ದಪ್ಪ ಆಯಿತು. ಐಗಳು ಒಂದು ಮಗುವಿನ ಬೆರಳು ಹಿಡಿದು 'ಅ' ಬರೆಸಿದರು. ಅಕ್ಷರ ನಿಂತಿತು.

ಗೌಡ ಬಂಡಿ ತಿರುಗಿಸಿದ. ಮರುವರ್ಷ ತನ್ನ ಮೊಮ್ಮಗನನ್ನು ತಾನೇ ಕರೆತಂದು ಕೂಡಿಸಿದನಂತೆ. ಶಾನುಭೋಗರೂ ಸಾಹುಕಾರರೂ ನಾಚಿಕೊಂಡು ಬಂಡಿಗಟ್ಟಲೆ ಮರಳು ಹೊಡೆಸಿದರಂತೆ. ಐಗಳು ಅದೇ ಪಡಸಾಲೆಯಲ್ಲಿ ಪಾಠ ಹೇಳುತ್ತಲೇ ಹಣ್ಣಾದರು. ಅವರ ಜಾಗದಲ್ಲಿ ಅಡಿವೆಪ್ಪ ಕೂತ. ಈಗ ಅಲ್ಲಿ ದೊಡ್ಡ ಕಾಲೇಜೇ ಇದೆ ಅಂತಾರೆ. ಕಲಿತು ಹೊರಬಿದ್ದವರು, ಕೆಲಸ ಸಿಗಲಿ ಬಿಡಲಿ, ಮೊದಲ ವರ್ಷವೇ ಬಂದು ಬಾಗಿಲಲ್ಲಿ ಒಂದು ಬೊಗಸೆ ಮರಳು ಸುರಿದು, ಹೊಸ ಮಕ್ಕಳಿಗೆಂದು ಕೈಲಾದಷ್ಟು ಕೊಟ್ಟು ಹೋಗುತ್ತಾರಂತೆ.

ಕಾಶವ್ವನೋ? ಅವಳು ತೀರಿಹೋದ ದಿನ ಮಕ್ಕಳು ಮರಳಲ್ಲಿ ಬರೆದು, ಇದು ಯಾರ ಬೆರಳು ಅಂತ ಹೇಳುವವರಿಗಾಗಿ ಸಂಜೆತನಕ ಕಾದು ಕೂತಿದ್ದರಂತೆ.