ಜನ ಕರೆದರೆ ಏಳುವ ರಾಜ

"ಗುರುಗಳೇ, ಗೀತನಾಟಕದಲ್ಲೂ ಹಾಡು, ಸಂಗೀತ ನಾಟಕದಲ್ಲೂ ಹಾಡು, ಅದನ್ನೇ ಸಿನಿಮಾ ಮಾಡಿದರೂ ಹಾಡು. ವ್ಯತ್ಯಾಸ ಎಲ್ಲಿದೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

"ಕೇಳುವುದೇನೋ ಸುಲಭ. ಕೂತುಕೋ ತಮ್ಮಾ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನಟನಿದ್ದ. ಹರೆಯದಲ್ಲಿ ಗೀತನಾಟಕದವರ ಜೊತೆಗಿದ್ದ. ಅಲ್ಲಿ ಎಲ್ಲವೂ ಹಾಡೇ. ನೀರು ಬೇಕಾದರೂ ರಾಗದಲ್ಲೇ ಕೇಳಬೇಕು, ಇಲ್ಲ ಅನ್ನುವುದಕ್ಕೂ ತಾಳ ಬೇಕು. ಆಮೇಲೆ ಸಂಗೀತ ನಾಟಕದ ಕಂಪನಿ ಸೇರಿದ. ಅಲ್ಲಿ ನಮ್ಮ ನಿಮ್ಮ ಹಾಗೆ ಮಾತಾಡುತ್ತಾರೆ. ಮಾತಿನಿಂದ ದುಃಖ ಹೊರಲಾಗದೆ ಹೋದಾಗ ಮಾತ್ರ ಹಾಡು ಬರುತ್ತದೆ. ಬಾಣ ತಾಗಿ ಬಿದ್ದ ರಾಜನ ಪಾತ್ರ ಅವನದು. ಮಗಳನ್ನು ನೆನೆದು ಹಾಡಿ ಸಾಯುತ್ತಿದ್ದ. ಜನ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಸತ್ತ ರಾಜ ಎದ್ದು, ಕೈಮುಗಿದು, ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ. ನಗಬೇಡ, ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ವಯಸ್ಸಾಯಿತು. ಗಂಟಲು ಕೈಕೊಡತೊಡಗಿತು. ತನ್ನ ಜೊತೆ ಆ ಹಾಡೂ ಮಣ್ಣುಪಾಲಾಗುತ್ತದಲ್ಲ ಎಂಬ ಹೆದರಿಕೆ ಹಿಡಿಯಿತು. ನನ್ನದು ಹೇಗಾದರೂ ಆಗಲಿ, ಹಾಡೊಂದು ಉಳಿಯಲಿ ಎಂದು ದೇವರಲ್ಲಿ ಬೇಡಿಕೊಂಡ. ಆ ನಾಟಕವನ್ನು ಸಿನಿಮಾ ಮಾಡುವವನೊಬ್ಬ ಬಂದ.

ಕ್ಯಾಮೆರಾದ ಮುಂದೆಯೂ ನಟ ಕೊನೆಯ ಬೆಂಚಿಗೆ ಕೇಳುವಂತೆ ಹಾಡಿದ. "ಅಷ್ಟು ಗಟ್ಟಿಯಾಗಿ ಬೇಡ ಯಜಮಾನರೇ, ಮಗಳ ಕಿವಿಯಲ್ಲಿ ಹೇಳಿದ ಹಾಗಿರಲಿ," ಎಂದ ನಿರ್ದೇಶಕ. ದಣಿದ ಗಂಟಲಿಗೆ ಅದೇ ಒಗ್ಗಿತು.

ಸಿನಿಮಾ ಬಂದ ದಿನ ನಟ ಜನರ ನಡುವೆ ಹೋಗಿ ಕೂತ. ಕತ್ತಲೆ. ಗೋಡೆಯಷ್ಟು ದೊಡ್ಡ ಮುಖ, ತನ್ನದೇ, ಪಿಸುಮಾತಿನ ಹಾಗೆ ಹಾಡುತ್ತಿತ್ತು. ತಾನು ಕನಸು ಕಾಣುತ್ತಿದ್ದೇನೋ, ಆ ಮುಖವೇ ತನ್ನನ್ನು ಕನಸು ಕಾಣುತ್ತಿದೆಯೋ ತಿಳಿಯಲಿಲ್ಲ. ಹಾಡು ಮುಗಿಯಿತು, ರಾಜ ಸತ್ತ. ಜನ ಕಣ್ಣೊರೆಸಿಕೊಂಡು 'ಒನ್ಸ್ ಮೋರ್' ಎಂದರು. ತೆರೆಯ ಮೇಲೆ ರಾಜ ಏಳಲಿಲ್ಲ, ಅವನನ್ನು ಹೊತ್ತುಕೊಂಡು ಹೊರಟೇಬಿಟ್ಟರು. ಇಲ್ಲಿ ಕತ್ತಲಲ್ಲಿ ನಟ ಎದ್ದ. ಕೈಮುಗಿದು ಬಾಯಿ ತೆರೆದ.

"ಕೂತುಕೊಳ್ಳಯ್ಯಾ, ರಾಜ ಕಾಣಿಸುತ್ತಿಲ್ಲ," ಎಂದರು ಹಿಂದಿನವರು.

ನಟ ಕೂತ. ಅಳು ಒತ್ತರಿಸಿ ಬಂತು.

ಚೆನ್ನವೀರನಿಗೆ ತಡೆಯಲಾಗಲಿಲ್ಲ. "ಇದು ಅನ್ಯಾಯ ಗುರುಗಳೇ. ಅವನ ಹಾಡಿಗೆ ಅವನೇ ಅಡ್ಡವಾದನಲ್ಲ."

ಗುರುಗಳು ಅವನ ಮುಖ ನೋಡಿದರು. "ಹಾಡು ಉಳಿಯಲಿ ಎಂದು ಬೇಡಿದವನು, ಅದು ಉಳಿದ ದಿನ ಎದ್ದು ನಿಂತದ್ದು ಯಾಕೆ, ನೀನೇ ಹೇಳು."