ಉದ್ದಂಡನಾಯಕರು ತೊಟ್ಟಿಲೇರಿದ್ದು

"ನನ್ನ ಮೊಮ್ಮಗನಿಗೆ ನನ್ನ ಹೆಸರೇ! ಅದನ್ನು ಬೀಗ ನಗುನಗುತ್ತಾ ಒಪ್ಪಬೇಕು. ಒಪ್ಪಿಸಬೇಕಾದವನು ನೀನು. ಆಗದಿದ್ದರೆ ಅರ್ಧ ತಲೆ ಬೋಳಿಸಿ ಕತ್ತೆ ಹತ್ತಿಸುತ್ತೇನೆ" ಎಂದು ಕೋಡಗಲ್ಲಿನ ಪಾಳೆಯಗಾರ ಉದ್ದಂಡನಾಯಕ ಗುಡುಗಿದ.

ಕೈಕಟ್ಟಿ ಕೇಳಿಸಿಕೊಂಡವನು ಹೊಗಳುಭಟ ಸಿಂಗಣ್ಣ. ದಿನಾ ಬೆಳಿಗ್ಗೆ ದೊರೆಯ ಹೆಸರನ್ನು ಬಿರುದುಗಳ ಸಮೇತ ಕೂಗುವುದು ಅವನ ಕೆಲಸ. ಇಪ್ಪತ್ತು ವರ್ಷ ಕೂಗಿ ಕೂಗಿ, ಆ ಹೆಸರು ಕಿವಿಗೆ ಬಿದ್ದರೆ ಹಲ್ಲು ಜುಮ್ಮೆನ್ನುತ್ತಿತ್ತು. ಕೋಟೆಯ ಬಾಗಿಲಿಗೆ ಉದ್ದಂಡ ಬಾಗಿಲು, ಬಾವಿಗೆ ಉದ್ದಂಡ ಬಾವಿ, ಒಮ್ಮೆಯೂ ಹಾರದ ಫಿರಂಗಿಗೆ ಉದ್ದಂಡ ಫಿರಂಗಿ. ಇಷ್ಟಕ್ಕೂ ಈ ಮಹಾಶಯ ಗೆದ್ದದ್ದು ಪಕ್ಕದೂರಿನ ಎರಡು ಹುಣಸೆಮರ, ಅದೂ ಪಂಚಾಯಿತಿಯಲ್ಲಿ.

ಮಗಳು ಹೊನ್ನಾಜಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಗಂಡುಮಗು ಹೆತ್ತಿದ್ದಳು. ಅವಳ ಮಾವ, ನೆಲ್ಲಿಗುಡ್ಡದ ಕೆಂಚವೀರನಾಯಕ, ಓಲೆ ಕಳಿಸಿದ್ದ: "ಹಿರಿಮಗನಿಗೆ ಅವನ ತಂದೆಯ ತಂದೆಯ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಕೆಂಚವೀರನೆಂದು ಹೆಸರಿಟ್ಟರೆ ಮೇನೆ ಬರುತ್ತದೆ. ಇಲ್ಲದಿದ್ದರೆ ಸೊಸೆ ತವರಲ್ಲೇ ಇರಲಿ."

ಬಾಣಂತಿ ಕೋಣೆಯ ಬಾಗಿಲಲ್ಲಿ ಹೊನ್ನಾಜಿ ಕಣ್ಣೊರೆಸಿಕೊಂಡಳು. "ಸಿಂಗಣ್ಣ, ಅಪ್ಪಾಜಿಗೆ ಹೆಸರಿನ ಹುಚ್ಚು. ಅದಕ್ಕೆ ನಾನು ಗಂಡನ ಮನೆ ಬಿಡಬೇಕಾ?"

ಸಿಂಗಣ್ಣ ಸುತ್ತ ನೋಡಿ ದನಿ ತಗ್ಗಿಸಿದ. "ಅಳಬೇಡ ತಾಯಿ. ಎರಡು ದಿನ ತಡಿ. ನಿಮ್ಮ ಅಪ್ಪಾಜಿಯವರ ಹೆಸರನ್ನು ಅವರ ಕಿವಿಗೇ ತುಂಬಿಸೋಣ" ಎಂದ.

ನೇರವಾಗಿ ದೊರೆಯ ಬಳಿ ಹೋದ. "ಪ್ರಭು, ತಮ್ಮ ಹೆಸರು ಮಗುವಿಗೆ ಎಷ್ಟು ಒಪ್ಪುತ್ತದೆಂದು ತಾವೇ ಕೇಳಿ ಆನಂದಿಸಬೇಡವೇ? ನಾಳೆ ಒಂದು ದಿನ ಎಲ್ಲರೂ ಅದೇ ಹೆಸರಿನಿಂದ ಕರೆಯಲಿ. ತಾವು ಪಕ್ಕದ ಜಗಲಿಯಲ್ಲಿ ಕುಳಿತಿರಿ."

ನಾಯಕ ಹಿಗ್ಗಿಹೋದ. ಆಗಲೇ ಅಪ್ಪಣೆ ಹೊರಡಿಸಿದ: "ಪುಟ್ಟ, ಚಿನ್ನ ಅಂತ ಯಾರಾದರೂ ಕರೆದರೆ ನಾಲಗೆ ಸೀಳಿಸುತ್ತೇನೆ. ಪೂರಾ ಹೆಸರು!"

ಮರುದಿನ ಜಗಲಿಯ ಮೇಲೆ ದಿಂಬು ಬಿತ್ತು, ತಾಂಬೂಲ ಬಂತು, ಕಾವಲಿನವರು ಸಾಲಾಗಿ ನಿಂತರು. ಒಳಗೆ ಸೂಲಗಿತ್ತಿ ಬೋರವ್ವನ ದನಿ ಎದ್ದಿತು.

"ಅಯ್ಯೋ ನಿನ್ನ ಮನೆ ಕಾಯ್ವಾಗ, ಉದ್ದಂಡನಾಯಕ! ಈಗಿನ್ನೂ ಬಟ್ಟೆ ಬದಲಾಯಿಸಿದೀನಿ, ಮತ್ತೆ ಹುಯ್ಕೊಂಡ್ಯಾ?"

ನಾಯಕನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು.

"ನೀರು ಕಂಡ್ರೆ ಸಾಕು, ಈ ಉದ್ದಂಡನಾಯಕ ಬಾಯಿ ಬಡ್ಕೋತಾನೆ. ಹಿಡ್ಕೊಳ್ರೇ ಕಾಲು! ಉದ್ದಂಡನಾಯಕನ ಕುಂಡಿ ಕೆಂಪಗಾಗೈತೆ, ಒಸಿ ಎಣ್ಣೆ ತನ್ನಿ."

ಕಾವಲಿನವರು ತುಟಿ ಕಚ್ಚಿಕೊಂಡು ಸೂರು ನೋಡತೊಡಗಿದರು. ನಾಯಕ ಎದ್ದು ಅಬ್ಬರಿಸಿದ: "ಯಾವಳವಳು?"

ಬೋರವ್ವ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಇಣುಕಿದಳು. "ನಿಮ್ಮನ್ನಲ್ಲ ಬುದ್ಧಿ, ಕೂಸಿಗಂದೆ. ಪೂರಾ ಹೆಸರು ಹೇಳಬೇಕಂತ ಅಪ್ಪಣೆ ಆಗೈತಲ್ಲ."

"ಹೇಳುವುದಾದರೆ ಮರ್ಯಾದೆಯಿಂದ ಹೇಳಬೇಕು! ಬಿರುದುಗಳೆಲ್ಲಿ?"

"ಅದು ನನ್ನ ಕೆಲಸ ಪ್ರಭು" ಎಂದು ಸಿಂಗಣ್ಣ ಮುಂದೆ ಬಂದ. ಒಳಗೆ ಏನಾಯಿತೆಂದು ಬೋರವ್ವನನ್ನು ಕೇಳಿ ತಿಳಿದುಕೊಂಡ. ಗಂಟಲು ಸರಿಮಾಡಿಕೊಂಡು ಕೋಟೆಗೆಲ್ಲ ಕೇಳುವಂತೆ ಕೂಗಿದ:

"ಶತ್ರುಗಳ ಎದೆಗಿಚ್ಚು, ಗಂಡರ ಗಂಡ, ಕೋಡಗಲ್ಲಿನ ಹುಲಿ, ಶ್ರೀಮದ್ ಉದ್ದಂಡನಾಯಕ ಪ್ರಭುಗಳು ತೊಟ್ಟಿಲಲ್ಲೇ ಹೇತುಕೊಂಡಿದ್ದಾರೆ, ಬಹುಪರಾಕ್!"

ಲಾಯದಲ್ಲಿ ಯಾರೋ ಗೊಳ್ಳೆಂದು ನಕ್ಕರು. ನಾಯಕ ಸಿಂಗಣ್ಣನ ಬಾಯಿ ಮುಚ್ಚಿದ. "ಸಾಕು ಸಾಕು! ಇದು ಇನ್ನೆಷ್ಟು ದಿನ?"

"ಎರಡು ಮೂರು ವರ್ಷ ಇದ್ದದ್ದೇ. ಆಮೇಲೆ ಸಿಂಬಳ ಶುರುವಾಗುತ್ತದೆ."

"ಏನಾದರೂ ದಾರಿ ಹೇಳೋ!"

"ದಾರಿ ಒಂದೇ. ಬೀಗರ ಹೆಸರಿಟ್ಟುಬಿಡಿ. ಆಗ ಉಚ್ಚೆ ಹೊಯ್ದುಕೊಳ್ಳುವವರು ಯಾರು? ಬೈಸಿಕೊಳ್ಳುವವರು ಯಾರು?"

ನಾಯಕ ಒಂದು ಗಳಿಗೆ ಯೋಚಿಸಿದ. ಮುಖ ಅರಳಿತು. "ಕೆಂಚವೀರ ಹುಯ್ಕೊಂಡ! ಕೆಂಚವೀರ ಹೇತ!" ಎಂದು ತಾನೇ ಹೇಳಿ ನೋಡಿ ಹೊಟ್ಟೆ ಹಿಡಿದು ನಕ್ಕ. ಅಷ್ಟು ದೊಡ್ಡ ಮೀಸೆಯ ಕೆಳಗೆ ಅಷ್ಟು ಸಣ್ಣ ಬುದ್ಧಿ! ನಿಂತ ಕಾಲಲ್ಲೇ ಓಲೆ ಬರೆಸಿ, ಮುದ್ರೆ ಒತ್ತಿ ಕಳಿಸಿದ.

ಬೀಗ ನಗುನಗುತ್ತಾ ಒಪ್ಪಿದ. ನಾಮಕರಣದ ಶಾಸ್ತ್ರ ಆಯಿತು. ಮಗುವಿನ ಕಿವಿಯಲ್ಲಿ ಮೂರು ಸಲ ಕೆಂಚವೀರ ಎಂದದ್ದೂ ಆಯಿತು. ಹೊನ್ನಾಜಿಯನ್ನು ಕರೆದೊಯ್ಯುವ ಮೇನೆ ಅಂಗಳಕ್ಕೆ ಬಂದು ನಿಂತಿತು. ಹೊರಡುವ ಮೊದಲು ಒಮ್ಮೆಯಾದರೂ ಆ ಹೆಸರು ಬೈಸಿಕೊಳ್ಳುವುದನ್ನು ಕೇಳಿಬಿಡೋಣವೆಂದು ನಾಯಕ ಜಗಲಿಗೆ ದಿಂಬು ತರಿಸಿದ. ಮಗುವೂ ಸರಿಯಾದ ಹೊತ್ತಿಗೆ ಒದ್ದೆ ಮಾಡಿಕೊಂಡಿತು.

"ಅಯ್ಯೋ ನನ್ನ ಅಜ್ಜಯ್ಯ, ಮತ್ತೆ ನೆನೆದು ಹೋದ್ಯಾ ಬಂಗಾರ?" ಎಂದಳು ಹೊನ್ನಾಜಿ.

"ಅಜ್ಜಯ್ಯ ಅಂದರೇನು? ಪೂರಾ ಹೆಸರು ಹಿಡಿದು ಬೈಯಿ!"

"ಮಾವನವರ ಹೆಸರು ಸೊಸೆ ಬಾಯಲ್ಲಿ ಬರಬಹುದೇ ಅಪ್ಪಾಜಿ?"

"ಬೋರವ್ವಾ, ನೀನು ಬೈಯಿ!"

"ಅವ್ವಾರ ಎದುರಿಗೆ ಅವರ ಮಾವನ ಹೆಸರು ಹಿಡಿದು ಬೈದ್ರೆ ನನ್ನ ನಾಲಗೆ ಬಿದ್ಹೋಗ್ತದೆ ಬುದ್ಧಿ."

ಮೇನೆ ಹೊರಟಿತು. ಹೊನ್ನಾಜಿ ಪರದೆ ಸರಿಸಿ ಸಿಂಗಣ್ಣನಿಗೆ ಕೈಮುಗಿದಳು. ನಾಯಕ ಮಾತ್ರ ದಿಂಬಿನ ಮೇಲೆ ಕುಸಿದಿದ್ದ.

"ಮೋಸ ಹೋದೆ ಕಣೋ ಸಿಂಗಣ್ಣ. ಅವನ ಹೆಸರು ಹಿಡಿದು ಯಾರೂ ಬೈಯಲಿಲ್ಲ, ನನ್ನ ಹೆಸರು ಉಳಿಯಲಿಲ್ಲ. ಇನ್ನು ನನ್ನ ಹೆಸರು ಹೇಳುವವರು ಯಾರು?"

ಸಿಂಗಣ್ಣ ಸೊಂಟ ಬಗ್ಗಿಸಿ ಕೈಮುಗಿದ. "ಎಂಥ ಮಾತು ಪ್ರಭು! ಕಲ್ಲು ಎಡವಲಿ, ಕೈ ಸುಟ್ಟುಕೊಳ್ಳಲಿ, ಈ ಕೋಟೆಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವುದು ತಮ್ಮ ಹೆಸರೇ."

ನಾಯಕನ ಕಣ್ಣು ತುಂಬಿತು. "ದೇವರ ಹೆಸರಿಗಿಂತ ಮೊದಲು?"

"ಅಂಥ ಹೊತ್ತಲ್ಲಿ ದೇವರ ಹೆಸರೆತ್ತಲು ಯಾರಿಗೂ ಮನಸ್ಸು ಬರುವುದಿಲ್ಲ ಪ್ರಭು."

ನಾಯಕ ಉಬ್ಬಿಹೋಗಿ ಹೆಗಲ ಮೇಲಿನ ಜರತಾರಿ ಶಾಲನ್ನು ತೆಗೆದು ಸಿಂಗಣ್ಣನಿಗೆ ಹೊದಿಸಿದ. ಬೋರವ್ವ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು.

ಶಾಲು ಹೊದ್ದು ಮನೆಗೆ ಹೊರಟ ಸಿಂಗಣ್ಣನ ಹೆಬ್ಬೆರಳು ಉದ್ದಂಡ ಬಾಗಿಲಿನ ಹೊಸ್ತಿಲಿಗೆ ರಪ್ಪನೆ ಬಡಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಒಂದು ಬಿರುದೂ ಇಲ್ಲದೆ, ಅವನು ದೊರೆಯ ಹೆಸರನ್ನು ಮನಸಾರೆ ಕೂಗಿದ.