ಗೆರೆಯ ಮೇಲೆ ಬಿದ್ದ ಚೆಂಡು

"ಅಯ್ಯನವರೇ, ತನ್ನವರೆಂದು ಒಂದಿಷ್ಟೂ ಪಕ್ಷಪಾತ ಮಾಡದವನು ನೀತಿವಂತ ತಾನೇ?"

ಚರ್ಚಿನ ಉಪದೇಶಿ ಶಾಂತರಾಜ ಹೀಗೆ ಕೇಳುವಾಗ ಅವನ ಎದೆ ಕೊಂಚ ಉಬ್ಬಿತ್ತು. ಸಭೆಯ ಶಿಶುಶಾಲೆಗೆ ಒಬ್ಬ ಟೀಚರನ್ನು ಆರಿಸುವ ಕೆಲಸವನ್ನು ಹಿರಿಯರು ಅವನಿಗೆ ಒಪ್ಪಿಸಿದ್ದರು. ಕೆಲಸ ಕೇಳಿ ಬಂದವರಲ್ಲಿ ಅವನ ತಂಗಿ ರೂತಳೂ ಇದ್ದಳು. ಎಲ್ಲರೂ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಿದ್ದಾಯಿತು. ರೂತಳನ್ನು ಮೀರಿಸಿದವರಿಲ್ಲ, ಅದು ಶಾಂತರಾಜನಿಗೂ ಗೊತ್ತು. ಈ ಕೆಲಸ ಸಿಗದಿದ್ದರೆ ಅವಳು ಮತ್ತೆ ಗೇರುಬೀಜದ ಫ್ಯಾಕ್ಟರಿಗೆ ಸಿಪ್ಪೆ ಸುಲಿಯಲು ಹೋಗಬೇಕು, ಅದೂ ಗೊತ್ತು. ಆದರೂ ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಆರಿಸಲು ಅವನು ಮನಸ್ಸು ಮಾಡಿದ್ದ. ನಾಳೆ ಯಾರೂ ಬೆರಳು ತೋರಿಸಬಾರದು ನೋಡಿ! ಅಯ್ಯನವರು ಭೇಷ್ ಎಂದುಬಿಟ್ಟರೆ ಸಂಜೆಯೇ ಹಿರಿಯರಿಗೆ ಹೆಸರು ಹೇಳಿಬಿಡುವುದೆಂದು ಬಂದಿದ್ದ.

ಸಭಾಪಾಲಕರಾದ ಬೆಂಜಮಿನ್ ಅಯ್ಯನವರು ಜಗಲಿಯಲ್ಲಿ ಪೇಪರು ಹರಡಿಕೊಂಡು ಕೂತಿದ್ದರು. ಪೇಪರನ್ನು ಆಟದ ಪುಟದಿಂದ ಶುರು ಮಾಡಿ ಹಿಂದಕ್ಕೆ ಓದುವ ಮನುಷ್ಯ. ಭಾನುವಾರದ ಅವರ ಪ್ರಸಂಗ ಎಲ್ಲಿಂದ ಹೊರಟರೂ ಮೈದಾನಕ್ಕೆ ಒಂದು ಸುತ್ತು ಹಾಕದೆ ಮುಗಿಯುತ್ತಿರಲಿಲ್ಲ. ಸಭೆಯ ಅಜ್ಜಿಯಂದಿರು ಗೊಣಗಿದರೂ ಅವರು ಕಿವಿಗೆ ಹಾಕಿಕೊಂಡವರಲ್ಲ. ಟೀಚರ ಕೆಲಸದ ಸುದ್ದಿ, ರೂತಳ ಪಾಠದ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಕೂತುಕೋ ಮಾರಾಯ, ಒಂದು ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬ ಅಂಪೈರ್ ಇದ್ದ. ವಾಲಿಬಾಲ್ ಪಂದ್ಯ ಎಲ್ಲೇ ಇರಲಿ, ವಿಸಿಲ್ ಇವನ ಬಾಯಲ್ಲೇ. ಒಮ್ಮೆ ಫೈನಲ್‌ಗೆ ಬಂದ ತಂಡದಲ್ಲಿ ಅವನ ಸ್ವಂತ ತಮ್ಮ ಆಡುತ್ತಿದ್ದ. ಗೆದ್ದರೆ ತಮ್ಮನಿಗೆ ಜಿಲ್ಲಾ ತಂಡದಲ್ಲಿ ಜಾಗ ಖಂಡಿತ. ಆಟ ಶುರುವಾಗುವ ಮೊದಲೇ ಜನರ ಗುಸುಗುಸು ಎದ್ದಿತು. ಇನ್ನೇನು, ಅಣ್ಣನೇ ಗೆಲ್ಲಿಸುತ್ತಾನೆ ಬಿಡಿ! ಮಾತು ಅಂಪೈರನ ಕಿವಿಗೂ ಬಿತ್ತು. ಅವನಿಗೆ ಮುಳ್ಳು ಚುಚ್ಚಿದ ಹಾಗಾಯಿತು.

ಕೊನೆಯ ಸೆಟ್ಟು, ಸಮಸಮ ಸ್ಕೋರು. ತಮ್ಮ ಎಗರಿ ಒಂದು ಹೊಡೆತ ಕೊಟ್ಟ. ಚೆಂಡು ಎದುರಾಳಿಗಳ ಕಡೆಯ ಗೆರೆಯ ಮೇಲೆ ಬಿತ್ತು, ಸುಣ್ಣ ಎದ್ದಿತು. ಗೆರೆಗೆ ತಾಗಿದ ಚೆಂಡು ಒಳಗೆ ಬಿದ್ದ ಲೆಕ್ಕವೇ. ಅಂಪೈರ್ ಅದನ್ನು ಕಣ್ಣಾರೆ ಕಂಡ. ಕಂಡೂ ವಿಸಿಲ್ ಊದಿ ಔಟ್ ಎಂದ.

ತಮ್ಮನ ತಂಡ ಸೋತಿತು. ಮೈದಾನದ ತುಂಬ ಚಪ್ಪಾಳೆ. ಅಬ್ಬಾ, ಅಂಪೈರ್ ಅಂದರೆ ಹೀಗಿರಬೇಕು, ತಮ್ಮನೆಂದೂ ನೋಡಲಿಲ್ಲ ಎಂದು ಜನ ಹಾಡಿ ಹೊಗಳಿದರು. ಅವನಿಗೆ ಅಲ್ಲಿಯೇ ಒಂದು ಶಾಲನ್ನೂ ಹೊದಿಸಿದರು.

ಮನೆಗೆ ಬಂದ ಮೇಲೆ ತಮ್ಮ ಕೇಳಿದ, "ಅಣ್ಣಾ, ಆ ಚೆಂಡು ಹೊಡೆದವನು ಬೇರೆ ಯಾರಾದರೂ ಆಗಿದ್ದರೆ?"

"ಪಾಯಿಂಟು ಕೊಡುತ್ತಿದ್ದೆ," ಎಂದ ಅಣ್ಣ. "ನಿನಗೆ ಕೊಟ್ಟಿದ್ದರೆ ಊರಿನವರು ನನ್ನನ್ನು ಸುಮ್ಮನೆ ಬಿಡುತ್ತಿದ್ದರೇ?"

ತಮ್ಮ ಊಟದ ತಟ್ಟೆ ಸರಿಸಿ ಎದ್ದು ಹೋದ.

ಅಯ್ಯನವರು ಅಷ್ಟಕ್ಕೇ ಕತೆ ನಿಲ್ಲಿಸಿದರು. ಶಾಂತರಾಜನಿಗೆ ಒಳಗೊಳಗೇ ಕಸಿವಿಸಿ ಶುರುವಾಗಿತ್ತು. ಆದರೆ ಅವನೂ ಸುಲಭಕ್ಕೆ ಬಿಟ್ಟುಕೊಡುವ ಆಸಾಮಿಯಲ್ಲ.

"ಅವನದು ತಪ್ಪು, ಒಪ್ಪಿದೆ. ಆದರೆ ಸ್ವಾರ್ಥಕ್ಕೆ ಮಾಡಿದ್ದಲ್ಲವಲ್ಲ ಅಯ್ಯನವರೇ? ಅದರಿಂದ ಅವನಿಗೆ ಸಿಕ್ಕಿದ್ದೇನು?"

"ಚಪ್ಪಾಳೆ ಸಿಕ್ಕಿತಲ್ಲಪ್ಪ, ತಮ್ಮನ ಪಾಯಿಂಟು ಕೊಟ್ಟು ಕೊಂಡದ್ದು. ನಿನ್ನ ಚಪ್ಪಾಳೆಗೆ ರೂತ್ ಏನು ಕೊಡಬೇಕು?"